ವಿಜಯಮ್ಮನ ರೇಷ್ಮೆ ಅಕ್ಷರಗಳು

ನಾಲ್ಕನೇ ತರಗತಿಯ ಧನುಶ್ರೀಗೆ ‘ದಡ್ಡಿ’ ಎಂದು ಹೆಸರಿಟ್ಟವನು ನಾನೇ, ಅವಳ ಮೇಷ್ಟ್ರು. ಬೋರ್ಡಿನ ಮೇಲಿದ್ದ ಎರಡು ಸಾಲು ಓದಲಾರದೆ ಅವಳು ತಡವರಿಸಿದಾಗ ಮಕ್ಕಳು ನಕ್ಕರು, ನಾನೂ ನಕ್ಕೆ. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಮೂರನೇ ದಿನ ಅವಳ ಅಜ್ಜಿ ವಿಜಯಮ್ಮ ಬಂದರು. ಕೊಳ್ಳೇಗಾಲದಲ್ಲಿ ನಲವತ್ತು ವರ್ಷದಿಂದ ರೇಷ್ಮೆ ಸೀರೆ ನೇಯುತ್ತಿರುವ, ಯಾರಿಗೂ ಸೊಪ್ಪು ಹಾಕದ ಹೆಂಗಸು.

“ಕಿತ್ತೋಗಿರೋ ಎಳೆಯ ಕಣ್ಮುಚ್ಕಂಡು ಬೆರಳಲ್ಲೇ ಉಡುಕ್ತಾಳೆ ಸಾ ನಮ್ ಧನು. ದಡ್ಡಿ ಅಂಗ್ ಮಾಡಾಳಾ? ನೀವ್ ಕಲಿಸ್ದಿದ್ರೆ ಬುಡಿ, ನಾನೇ ಕಲಿಸ್ತೀನಿ.”

ಅವರ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ. ನೇಯುವವರಿಗೆ ಕಾಣುವುದು ಹಿಂಬದಿ. ಹೂವು ಸರಿಯಾಗಿ ಬಂತೇ ಎಂದು ಅಡಿಯಲ್ಲಿ ಕನ್ನಡಿ ಹಿಡಿದು ನೋಡುತ್ತಾರೆ. ಮೊಮ್ಮಗಳಿಗೂ ಅಕ್ಷರದ ಹಿಂಬದಿಯೇ ಕಾಣುತ್ತಿದೆ ಎಂದು ತೀರ್ಮಾನಿಸಿದ ವಿಜಯಮ್ಮ, ಪುಸ್ತಕದೆದುರು ಅದೇ ಕನ್ನಡಿ ಹಿಡಿದು ಓದಿಸತೊಡಗಿದರು. ಹದಿನೈದು ದಿನದಲ್ಲಿ, ಮಗುವಿಗೆ ಗೊತ್ತಿದ್ದ ನಾಲ್ಕು ಅಕ್ಷರಗಳೂ ಕಲಸುಮೇಲೋಗರವಾದವು.

ವಿಚಾರಿಸಲು ಹೋದ ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ತಪ್ಪೋ ಸರಿಯೋ, ಅವರು ಏನನ್ನಾದರೂ ಮಾಡುತ್ತಿದ್ದರು. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಏನೂ ಮಾಡಿರಲಿಲ್ಲ.

ಇಬ್ಬರನ್ನೂ ಯಳಂದೂರಿಗೆ, ವಿಶೇಷ ಶಿಕ್ಷಕಿ ಪ್ರೇಮಾ ಬಳಿಗೆ ಕರೆದೊಯ್ದೆ. ಎರಡು ಸಲ ಪರೀಕ್ಷಿಸಿದ ಆಕೆ, “ಇದು ಡಿಸ್ಲೆಕ್ಸಿಯಾ ಕಣಮ್ಮ. ಕಣ್ಣೂ ಚೆನ್ನಾಗಿದೆ, ಬುದ್ಧಿಯೂ ಚುರುಕಾಗಿದೆ. ಅಕ್ಷರಕ್ಕೂ ಅದರ ಶಬ್ದಕ್ಕೂ ಗಂಟು ಬೀಳೋದು ಇವಳಿಗೆ ನಿಧಾನ. ಕೈಯಲ್ಲಿ ಮುಟ್ಟಿ, ಬಾಯಲ್ಲಿ ಹೇಳಿ ಕಲೀಲಿ” ಎಂದರು.

“ನಾನೇ ಮಗೀನ ಹಾಳ್ಮಾಡ್ತಿದ್ದೆ” ಎಂದು ವಿಜಯಮ್ಮ ಬಸ್ಸಿನಲ್ಲಿ ಅತ್ತರು. ಮನೆಗೆ ಬಂದವರೇ ಉಳಿಕೆ ರೇಷ್ಮೆ ಎಳೆಗಳನ್ನು ದಪ್ಪಗೆ ಹುರಿಮಾಡಿ, ರಟ್ಟಿನ ಮೇಲೆ ಅಕ್ಷರಗಳಾಗಿ ಅಂಟಿಸಿದರು. ಧನು ಅದರ ಮೇಲೆ ಬೆರಳಾಡಿಸುತ್ತ ಶಬ್ದ ಹೇಳಬೇಕು. ದಿನಕ್ಕೊಂದು ಅಕ್ಷರ, ಕೆಲವೊಮ್ಮೆ ವಾರಕ್ಕೊಂದು. ಅಂಥ ಸಿಡುಕಿನ ಹೆಂಗಸು ಒಮ್ಮೆಯೂ ಗದರಲಿಲ್ಲ.

ನಾನು ತರಗತಿಯೆದುರು ಧನುವಿನ ಕ್ಷಮೆ ಕೇಳಿದೆ. ಅವಳು ಶಾಲೆಗೇನೋ ಬಂದಳು, ಓದಲು ಮಾತ್ರ ಎದ್ದು ನಿಲ್ಲಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ಆರು ತಿಂಗಳಾದ ಮೇಲೆ ಒಂದು ದಿನ ತಾನಾಗಿಯೇ ಎದ್ದಳು. ಸಾಲಿನಡಿ ಬೆರಳಿಟ್ಟು ನಿಧಾನವಾಗಿ ಓದತೊಡಗಿದಳು. ಮೂರನೇ ಸಾಲಿನಲ್ಲಿ ತಡೆದು ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಪದ ಹೇಳಿಕೊಡಲು ಬಾಯಿ ತೆರೆದೆ.

“ಏಳ್ಕೊಡ್ಬ್ಯಾಡಿ ಸಾ” ಎಂದಳು, ಪುಸ್ತಕದಿಂದ ತಲೆಯೆತ್ತದೆ. “ತಡ್ಕಳಿ, ಬತ್ತದೆ.”

ಕಾದೆವು. ಬಂತು.