ಸಕ್ಕರೆ ತಿಂದು ಕೊಂಡ ಮನೆ

ದರ ಇಳಿಯುವ ಕಾಲದಲ್ಲಿ ಕೊಳ್ಳುವವನ ಕೈ ಮೇಲು ಎನ್ನುತ್ತಾರೆ. ಅದರಲ್ಲೂ ಸಾಲ ಮಾಡದೆ ಪೂರ್ತಿ ರೊಕ್ಕ ಎಣಿಸಿ ಕೊಡುವವನ ಕೈ ಇನ್ನೂ ಮೇಲಂತೆ. ಯಾದಗಿರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಈ ವಿಷಯ ಕೊಟ್ಟಿದ್ದರೆ ನಾನು ಪರವಾಗಿ ಮಾತಾಡಿ ಒಂದು ಕಪ್ ತರುತ್ತಿದ್ದೆ, ಮರುವರ್ಷ ವಿರೋಧವಾಗಿ ಮಾತಾಡಿ ಇನ್ನೊಂದು ತರುತ್ತಿದ್ದೆ. ಅಂಥ ಕಪ್‌ಗಳು ನಮ್ಮ ಮನೆಯಲ್ಲಿ ಸಾಕಷ್ಟಿವೆ. ಒಂದರಲ್ಲಿ ಅವ್ವ ಈಗ ಬಟ್ಟೆಯ ಕ್ಲಿಪ್ಪು ಇಡುತ್ತಾಳೆ.

ನಮ್ಮಪ್ಪ ಶಹಾಪುರದ ಹೊರಗೆ ಮನೆ ಕೊಂಡದ್ದು ಅಂಥದೇ ಕಾಲದಲ್ಲಿ, ಒಂದು ರೂಪಾಯಿ ಸಾಲವಿಲ್ಲದೆ. ಅವನ ಕೈ ಮೇಲಾಗಲಿಲ್ಲ.

ಅದಕ್ಕೂ ಮೊದಲು ನಾವು ಸುರಪುರದಲ್ಲಿ ಬಾಡಿಗೆಗಿದ್ದೆವು. ಮನೆ ಮೇಲಿಂದ ಮೇಲೆ ಬದಲಾಗುತ್ತಿತ್ತು, ಓಣಿ ಮಾತ್ರ ಬದಲಾಗುತ್ತಿರಲಿಲ್ಲ. ಒಬ್ಬ ಮಾಲಕನ ಮಗನ ಮದುವೆ ಆಯಿತೆಂದು ಬಿಟ್ಟೆವು, ಇನ್ನೊಬ್ಬ ಅಡುಗೆಮನೆ ಕೆಡವಿ ಅಂಗಡಿ ಮಾಡುತ್ತೇನೆಂದಾಗ ಬಿಟ್ಟೆವು. ಪ್ರತಿ ಸಲವೂ ಅವ್ವ ಹಟ ಹಿಡಿದು ಅದೇ ಗುಡ್ಡದ ಬುಡದ ಓಣಿಯಲ್ಲೇ ಮತ್ತೊಂದು ಮನೆ ಹುಡುಕಿಸುತ್ತಿದ್ದಳು. ಹೀಗಾಗಿ ನಮ್ಮ ಮನೆ ಸಾಗಿಸಲು ಗಾಡಿ ಬೇಕಾಗುತ್ತಿರಲಿಲ್ಲ. ಓಣಿಯ ಹೆಂಗಸರು ತಲೆಗೊಂದು ಡಬ್ಬಿ, ಕಂಕುಳಿಗೊಂದು ಕೊಡ ಹಿಡಿದು ಸಾಗಿಸಿಬಿಡುತ್ತಿದ್ದರು.

"ನಂದು ಎರಡೇ ಮಾತು ನೋಡ್ರಿ," ಎಂದು ಅವ್ವ ಅಪ್ಪನಿಗೆ ಹೇಳುತ್ತಿದ್ದಳು. "ಬಿಡ್ರಿ ಅನ್ನೋ ಮಾಲಕ ಇರಬಾರದು. ಕರದ್ರ ಓ ಅನ್ನೋರು ಮಗ್ಗಲಕ ಇರಬೇಕು. ಹಂತಾ ಮನಿ ಎಲ್ಲಿದ್ರೂ ನಡೀತದ."

ಅಪ್ಪ ಶಹಾಪುರದ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ರೈತರು ತಂದ ತೊಗರಿ, ಹತ್ತಿ ಇಳಿಸಿಕೊಂಡು ವ್ಯಾಪಾರಿಗೆ ಮಾರಿಸಿಕೊಡುವ ಅಂಗಡಿ ಅದು. ದಿನಾ ಸುರಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಸಾಲಗಾರರ ಮುಖಗಳನ್ನು ಇಡೀ ಆಯುಷ್ಯ ನೋಡಿದವನು, ತನ್ನ ಮುಖ ಹಾಗಾಗಬಾರದು ಎಂಬುದು ಅವನ ಏಕೈಕ ಸಿದ್ಧಾಂತ. ಮನೆಗೆ ಸಾಲ ಎಂದರೆ ಸಾಕು, "ಅದರಾಗ ನಿದ್ದಿ ಹತ್ತಂಗಿಲ್ಲವ್ವ" ಎಂದು ಮಾತು ಮುಗಿಸುತ್ತಿದ್ದ.

ನಾನು ಮುಗಿಸಲು ಬಿಡುತ್ತಿರಲಿಲ್ಲ. ಬ್ಯಾಂಕು ಸಾಲ ಕೊಡುವ ಮುಂಚೆ ತನ್ನ ವಕೀಲನಿಂದ ಕಾಗದ ಓದಿಸುತ್ತದೆ, ಜಾಗಕ್ಕೆ ಬಂದು ನೋಡುತ್ತದೆ, ಗಟಾರ ಎಲ್ಲಿ ಎಂದು ಕೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ನನಗಿಂತ ದೊಡ್ಡ ಸಂಶಯಪಿಶಾಚಿ ಯಾರಾದರೂ ಇದ್ದರೆ ಅದು ಬ್ಯಾಂಕು. ಸಾಲ ಬೇಡ ಎಂದವನು ಬಡ್ಡಿಯನ್ನು ಉಳಿಸುತ್ತಾನೆ, ಜೊತೆಗೆ ಆ ಸಂಶಯವನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ಹೇಳಿದಾಗ ಅಪ್ಪ ನಕ್ಕ. "ಸಂಶಯಕ್ಕ ಬ್ಯಾಂಕ್ ಯಾಕ ಬೇಕು? ಮನ್ಯಾಗ ನೀ ಇದ್ದೀಯಲ್ಲ."

ಮನೆ ತೋರಿಸಿದ ದಲಾಲ ಅಪ್ಪನ ಪರಿಚಯದವನೇ. ಹೊಲ ಒಡೆದು ಮಾಡಿದ ಬಡಾವಣೆ. ಒಂದೇ ಸಾಲಿನಲ್ಲಿ, ಗೋಡೆಗೆ ಗೋಡೆ ಅಂಟಿಸಿ, ಒಂದೇ ನಮೂನೆಯ ಮೂರು ಮನೆ. ಕಟ್ಟಿಸಿದವರು ಸಿಮೆಂಟ್ ಅಂಗಡಿಯವರು. ಸುತ್ತ ಕಲ್ಲು ನೆಟ್ಟ ಖಾಲಿ ಪ್ಲಾಟುಗಳು, ಅಲ್ಲಲ್ಲಿ ಪಾಯ ಎತ್ತಿ ಬಿಟ್ಟ ಕಟ್ಟಡಗಳು. ನೀರು, ಗಟಾರ, ಬೀದಿ ದೀಪ ಎಲ್ಲಿ ಎಂದರೆ ದಲಾಲ, "ಎಲ್ಲಾ ಬರ್ತಾವರಿ, ಹೊಸ ಬಸ್‌ಸ್ಟ್ಯಾಂಡೇ ಈ ಕಡಿ ಬರಾಕತ್ತದ" ಎಂದ. ಅಪ್ಪನನ್ನೂ ನನ್ನನ್ನೂ ಮಾಳಿಗೆಗೆ ಹತ್ತಿಸಿ, ಮಲಗಿದ ಬುದ್ಧನ ಆಕಾರದ ಗುಡ್ಡ ತೋರಿಸಿದ.

"ಬುದ್ಧ ಮಲಗಿದ್ದು ಹೆಂಗ ಕಾಣ್ತದ ನೋಡ್ರಿ ಯಜಮಾನ್ರ. ಅಂವ ಎಷ್ಟು ಆರಾಮ ಮಲಗ್ಯಾನ, ನೀವೂ ಅಷ್ಟೇ ಆರಾಮ ಮಲಗ್ರಿ."

"ಅಂವಗ ನೀರು ತುಂಬೋ ಕೆಲಸ ಇಲ್ಲರಿ, ಅದಕ್ಕ ಮಲಗ್ಯಾನ," ಎಂದೆ.

"ನಿಮ್ಮ ಹುಡುಗಿ ಬಾಯಿ ಭಾಳ ಜೋರದರಿ."

"ಆ ಬಾಯಿಗೇ ಕಪ್ ಕೊಟ್ಟಾರ್ರಿ," ಎಂದ ಅಪ್ಪ. ಹೆಮ್ಮೆಯಿಂದಲೇ ಎಂದ.

ಕೆಳಗೆ, ಅಡುಗೆಮನೆಯಲ್ಲಿ, ಸಿಮೆಂಟ್ ಅಂಗಡಿಯವರ ಹೆಂಡತಿ ಅವ್ವನ ಕೈ ಹಿಡಿದುಕೊಂಡು ನಿಂತಿದ್ದರು. "ವೈನಿ, ನಡುವಿಂದು ನಿಮ್ದು, ಈ ಮಗ್ಗಲಿಂದು ನಮ್ದು. ಶ್ರಾವಣದಾಗ ನಾವೂ ಬಂದ್ಬಿಡ್ತೀವಿ. ಗ್ವಾಡಿ ಒಂದೇ ನೋಡ್ರಿ, ನಾ ಒಗ್ಗರಣಿ ಹಾಕಿದ್ರ ನೀವು ಸೀನ್ತೀರಿ."

"ಸೀನ್ತೀನಿ ಬಿಡ್ರಿ, ಅದಕ್ಕಲ್ಲೇನು ಬರೋದು," ಎಂದಳು ಅವ್ವ. ಅವಳು ಮನೆಯ ಬೇರೆ ಕೋಣೆಗಳನ್ನು ನೋಡಲೇ ಇಲ್ಲ. ಆ ಗೋಡೆಯ ಮೇಲೆ ಒಮ್ಮೆ ಕೈಯಾಡಿಸಿದಳು, ಅಷ್ಟೇ.

ಅಪ್ಪ ಅಲ್ಲೇ ದರ ಆಡಿದ. ಸಿಮೆಂಟ್ ಅಂಗಡಿಯವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಹೂಂ ಎಂದರು. ಅವರ ಹೆಂಡತಿ ಕೈಚೀಲದಿಂದ ಸಕ್ಕರೆ ಪೊಟ್ಟಣ ತೆಗೆದು ಎಲ್ಲರ ಕೈಗೂ ಒಂದೊಂದು ಚಿಟಿಕೆ ಹಾಕಿದರು. ನಮ್ಮಲ್ಲಿ ಸಕ್ಕರೆ ತಿಂದರೆ ಮಾತು ಮುಗಿಯಿತು. ಮುದ್ರೆ ಕಾಗದ, ಸಹಿ, ಮುಂಗಡ ಎಲ್ಲ ಆಮೇಲಿನವು. ಅಪ್ಪ ಮುಂಗಡವನ್ನೂ ಕೊಡಲಿಲ್ಲ. ಅವರೂ ಕೇಳಲಿಲ್ಲ.

ನೋಂದಣಿಗೆ ಸ್ವಲ್ಪ ಸಮಯ ಬೇಕಿತ್ತು. ಅಪ್ಪನ ಉಳಿತಾಯಕ್ಕೆ ಅವ್ವನ ಭಿಶಿಯ ರೊಕ್ಕ ಸೇರಬೇಕಿತ್ತು. ಓಣಿಯ ಹೆಂಗಸರು ತಿಂಗಳಿಗಿಷ್ಟು ಅಂತ ಕೂಡಿಹಾಕಿ ಸರತಿಯ ಮೇಲೆ ಒಬ್ಬೊಬ್ಬರಿಗೆ ಕೊಡುವ ಭಿಶಿ. ಮನೆಯ ಸುದ್ದಿ ತಿಳಿದು, ತಮ್ಮ ಸರತಿಯನ್ನು ಅವ್ವನಿಗೆ ಬಿಟ್ಟುಕೊಟ್ಟರು. ನೆರೆಯವರ ರೊಕ್ಕದಿಂದಲೇ ಅವ್ವ ನೆರೆಯವರನ್ನು ಬಿಟ್ಟು ಹೊರಟಳು.

ಈ ನಡುವೆ ದರ ಬಿತ್ತು. ಹೊಸ ಬಸ್ ನಿಲ್ದಾಣ ಊರಿನ ಆ ತುದಿಗೆ ಹೋಗುತ್ತದೆಂದು ಸುದ್ದಿ ಹಬ್ಬಿದ್ದೇ ತಡ, ಈ ತುದಿಯ ಪ್ಲಾಟುಗಳನ್ನು ಕೇಳುವವರಿಲ್ಲದಾಯಿತು. ಹಿಂಬದಿಯ ಬಡಾವಣೆಯಲ್ಲಿ ನಮ್ಮದಕ್ಕಿಂತ ದೊಡ್ಡ ಮನೆ, ನಾವು ಆಡಿದ ದರಕ್ಕಿಂತ ಎಷ್ಟೋ ಕಡಿಮೆಗೆ ಹೋಯಿತು. ಆ ಸುದ್ದಿ ತಂದದ್ದು ಸ್ವತಃ ಅದೇ ದಲಾಲ. ಅವನಿಗೂ ಬೇಸರವಾಗಿತ್ತು. "ಒಂದ್ ಮಾತು ಕೇಳ್ ನೋಡ್ರಿ ಯಜಮಾನ್ರ, ಬಿಟ್ರೂ ಬಿಟ್ಟಾರು," ಎಂದು ಹೋದ.

ಆ ಸಂಜೆ ನಾನು ನನ್ನ ಎಲ್ಲ ವಿದ್ಯೆಯನ್ನೂ ಅಪ್ಪನ ಮುಂದೆ ಸುರಿದೆ. ದರ ಒಪ್ಪಿದಾಗ ಇದ್ದ ಆಧಾರವೇ ಈಗ ಇಲ್ಲ. ಬಸ್ ನಿಲ್ದಾಣ ಬರುತ್ತದೆಂದು ಅವರ ಪರವಾಗಿ ಹೇಳಿದವನು ದಲಾಲ. ಅವರ ಮಾತು ಸುಳ್ಳಾದ ಮೇಲೆ ನಿನ್ನ ಮಾತಿಗೇನು ಕಟ್ಟು?

"ಮುಂಜಾನಿ ತೊಗರಿ ದರ ಆಡಿರ್ತೇವ," ಎಂದ ಅಪ್ಪ. "ಸಂಜಿಕ ಬಿತ್ತಂತ ಚೀಲ ತಿರುಗಿಸಿ ಒಯ್ಯಿ ಅಂದ್ರ, ಮರುದಿನ ನಮ್ಮ ಅಂಗಡಿ ಮುಂದ ಯಾರು ಗಾಡಿ ನಿಲ್ಲಿಸ್ತಾರ?"

"ಇದು ತೊಗರಿ ಅಲ್ಲಪ್ಪ. ತೊಗರಿ ವರ್ಷಾ ಬರ್ತದ. ಮನಿ ಒಮ್ಮೆ."

"ಅದಕ್ಕೇ ಮಾತು ಕೆಡಿಸಿಕೊಂಡು ಹೋಗಬಾರದು. ಮಗ್ಗಲದಾಗ ಅವರ ಜೋಡಿನೇ ಇರೋದದ."

"ಬರದ್ ಕೊಟ್ಟೀಯೇನು? ಕಾಗದ ಅದನೇನು? ಬರೇ ಬಾಯಿಮಾತಿಗೆ ಯಾವ ಕೋರ್ಟೂ ಕೇಳಂಗಿಲ್ಲ."

ಅಪ್ಪ ಅವ್ವನ ಕಡೆ ನೋಡಿದ. "ನೀ ಏನಂತಿ?"

"ಸಕ್ಕರಿ ನಾನೂ ತಿಂದೀನಿ," ಎಂದಳು ಅವ್ವ.

ಸ್ಪರ್ಧೆಯಾಗಿದ್ದರೆ ತೀರ್ಪುಗಾರರು ನನಗೇ ಕೊಡುತ್ತಿದ್ದರು. ಅಲ್ಲಿ ತೀರ್ಪುಗಾರರಿರಲಿಲ್ಲ. ಹಳೆಯ ದರಕ್ಕೇ ನೋಂದಣಿಯಾಯಿತು. ಸಿಮೆಂಟ್ ಅಂಗಡಿಯವರು ಅಪ್ಪನ ಎರಡೂ ಕೈ ಹಿಡಿದು, "ಇಂಥಾ ಮಂದಿ ಈಗ ಸಿಗಂಗಿಲ್ಲರಿ" ಎಂದರು. ಖರೆ ಮಾತು. ಅವರಿಗೆ ಅಂಥ ಇನ್ನೊಬ್ಬರು ಸಿಗಲಿಲ್ಲ. ಉಳಿದೆರಡು ಮನೆ ಇವತ್ತಿಗೂ ಹಾಗೇ ನಿಂತಿವೆ.

ನಾವು ಹೊಸ ಮನೆಗೆ ಬಂದೆವು. ಶ್ರಾವಣ ಬಂತು, ಹೋಯಿತು. ಪಕ್ಕದ ಮನೆಗೆ ಯಾರೂ ಬರಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಗೊತ್ತಾಯಿತು, ಸಿಮೆಂಟ್ ಅಂಗಡಿಯವರು ಅಂಗಡಿ ಮಾರಿಬಿಟ್ಟು ಕಲಬುರಗಿಗೆ ಹೊರಟಿದ್ದಾರೆ. ಅಪ್ಪ ಮತ್ತು ನಾನು ಹೋದಾಗ ಅವರು ಅಂಗಡಿಯ ತಕ್ಕಡಿ, ಕುರ್ಚಿ ಟೆಂಪೋಕ್ಕೆ ಏರಿಸುತ್ತಿದ್ದರು. ಅಪ್ಪ ಜಗಳ ಆಡುವ ಮನುಷ್ಯನಲ್ಲ. "ಮಗ್ಗಲಕ ಇರ್ತೀವಿ ಅಂದಿದ್ರಿ. ಮನ್ಯಾಗ ಅದನ್ನೇ ನಂಬ್ಕೊಂಡ್ ಕೂತಾಳ," ಎಂದಷ್ಟೇ ಹೇಳಿದ.

"ಅಂದಿದ್ವಿ ಖರೇ," ಎಂದರು ಅವರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ದಣಿವಿತ್ತು. "ಪರಿಸ್ಥಿತಿ ಹಂಗದರಿ. ಇರ್ತೀನಂತ ಬರದ್ ಕೊಟ್ಟಿದ್ನೇನು ನಾ?"

ನನ್ನದೇ ವಾದ, ಹೆಚ್ಚುಕಡಿಮೆ ನನ್ನದೇ ಶಬ್ದಗಳಲ್ಲಿ. ಅಪ್ಪ ನನ್ನ ಕಡೆ ತಿರುಗಿ ನೋಡಲಿಲ್ಲ. ಆಗಲೂ, ಈಗಲೂ ನನಗನಿಸುವುದು ಇಷ್ಟು: ನಾನು ದರದ ಬಗ್ಗೆ ಮಾತ್ರ ಜಗಳಾಡಿದೆ. ಅವ್ವ ಕೊಂಡದ್ದು ಪಕ್ಕದ ಒಗ್ಗರಣೆಯನ್ನು. ಅದರ ಕಾಗದ ಎಲ್ಲಿ ಎಂದು ಕೇಳುವ ಬುದ್ಧಿ ಯಾವ ಬ್ಯಾಂಕಿಗೂ ಬರುತ್ತಿರಲಿಲ್ಲ.

ಈಗ ನಮ್ಮನ್ನು ಬಿಡಿ ಎನ್ನುವ ಮಾಲಕನಿಲ್ಲ. ಬಡಾವಣೆಯನ್ನು ನಗರಸಭೆ ಇನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡಿಲ್ಲವಾದ್ದರಿಂದ ನಳವಿಲ್ಲ, ಗಟಾರವಿಲ್ಲ. ನೀರು ಟ್ಯಾಂಕರಿನಲ್ಲಿ ಬರುತ್ತದೆ. ಒಂದೇ ಮನೆಗೆಂದು ಇಷ್ಟು ದೂರ ಬರಬೇಕಲ್ಲ ಎಂದು ಟ್ಯಾಂಕರಿನವನು ಬೈಯುತ್ತಾನೆ. ತರಕಾರಿ ಗಾಡಿಯವನು ಎರಡು ಸಲ ಬಂದು ನೋಡಿ ನಿಲ್ಲಿಸಿದ. ಅಪ್ಪ ಅಂಗಡಿಗೆ, ನಾನು ಯಾದಗಿರಿಗೆ ಪಾಠ ಹೇಳಲು ಹೋದ ಮೇಲೆ ಅವ್ವ ಸಂಜೆಯವರೆಗೆ ಒಬ್ಬಳೇ. ಮೊದಮೊದಲು ವಾರಕ್ಕೊಮ್ಮೆ ಸುರಪುರದ ಬಸ್ಸು ಹತ್ತುತ್ತಿದ್ದಳು. ಹಳೆಯ ಓಣಿಯ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳು. ಒಂದು ದಿನ ಅಲ್ಲಿ ಯಾರೋ, "ಮಾಲಕಿ ಆದ್ಮ್ಯಾಗೂ ನಮ್ ಕಟ್ಟಿನೇ ಬೇಕೇನಬೇ ನಿನಗ?" ಎಂದು ಚಾಷ್ಟಿ ಮಾಡಿದರಂತೆ. ಎಲ್ಲರೂ ನಕ್ಕರಂತೆ, ಅವ್ವನೂ ನಕ್ಕಳಂತೆ. ಆಮೇಲೆ ಹೋಗುವುದು ಕಡಿಮೆಯಾಯಿತು. ನಾವು ಬಿಟ್ಟ ಮನೆಗೆ ಬೇರೆ ಬಾಡಿಗೆಯವರು ಬಂದಿದ್ದರು. ಹಳೆಯ ಸುತ್ತು ಮುಗಿದು ಶುರುವಾದ ಹೊಸ ಭಿಶಿಯಲ್ಲಿ ಅವ್ವನ ಜಾಗಕ್ಕೂ ಅವರೇ ಬಂದಿದ್ದರು.

ಆ ದಿನಗಳಲ್ಲೇ ಅವ್ವ ಮೂರೂ ಮನೆಗಳ ಮುಂದೆ ಥಳಿ ಹೊಡೆಯಲು ಶುರುಮಾಡಿದಳು. ಮುಂಜಾನೆ ನಮ್ಮ ಅಂಗಳ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಹಾಕಿದ ಮೇಲೆ, ಬೀಗ ಹಾಕಿದ ಆ ಮಗ್ಗಲು, ಈ ಮಗ್ಗಲು ಎರಡಕ್ಕೂ ಹಾಕುತ್ತಿದ್ದಳು.

"ನೀರು ರೊಕ್ಕ ಕೊಟ್ಟು ತರಸ್ತೀವಿ," ಎಂದ ಅಪ್ಪ.

"ಗೊತ್ತದ. ಬೀಗದ ಮುಂದ ಕಸ ಬಿದ್ದಿದ್ದು ನೋಡಿದ್ರ ನಮ್ಮ ಬಾಗಲಾನೂ ಬೀಗ ಹಾಕ್ದಂಗ ಕಾಣ್ತದ."

ಚಳಿಗಾಲದಲ್ಲಿ ಒಂದು ದಿನ ಅವ್ವ ನನ್ನನ್ನು ಕರೆದು, "ನಿಮ್ಮಪ್ಪಗ ತಿಳಿಯೋಹಂಗ ಹೇಳು. ಬಂದಷ್ಟಕ್ಕ ಕೊಟ್ಟು ಸುರಪುರಕ್ಕ ಹೋಗೂಣು. ನಿನಗ ಮಾತು ಬರ್ತಾವ," ಎಂದಳು. ನನ್ನ ಮಾತಿನಿಂದ ಏನಾದರೂ ಆಗಲಿ ಎಂದು ಅವಳು ಕೇಳಿದ್ದು ಅದೇ ಮೊದಲು. ನಾನು ಬಹಳ ತಯಾರಿಯಿಂದ ಹೋದೆ. ಅಪ್ಪ ವಾದವನ್ನೇ ಮಾಡಲಿಲ್ಲ. ತಲೆಯಾಡಿಸಿ ದಲಾಲನಿಗೆ ಫೋನ್ ಹಚ್ಚಿದ.

ದಲಾಲ ಬಹಳ ದಿನ ಯಾರನ್ನೂ ತರಲಿಲ್ಲ. ಕೊನೆಗೆ ಕೆಂಭಾವಿ ಕಡೆಯ ಗಂಡ ಹೆಂಡತಿಯನ್ನು ಕರೆತಂದ. ಗಂಡ ಯಾವುದೋ ಕಚೇರಿಯಲ್ಲಿ ಸಣ್ಣ ನೌಕರ, ಈಚೆಗೆ ಶಹಾಪುರಕ್ಕೆ ವರ್ಗವಾದವನು. ಅವನು ಹೇಳಿದ ದರ ಕೇಳಿ ಅಪ್ಪನ ಮುಖ ಇಳಿಯಿತು, ಆದರೂ ಅಪ್ಪ ಆಗಲಿ ಎಂದ. ಈ ಸಲ ನಾನು ದರದ ಜಗಳ ತೆಗೆಯಲಿಲ್ಲ. ಆ ದರಕ್ಕಾದರೂ ಹೋದರೆ ಅವ್ವ ತನ್ನ ಓಣಿ ಸೇರುತ್ತಾಳೆ. ನನಗೆ ಬೇಕಾದದ್ದು ಅಷ್ಟೇ. ದಲಾಲ ಅಂಗಿಯ ಜೇಬಿಗೆ ಕೈ ಹಾಕಿದ. ಸಕ್ಕರೆ ಪೊಟ್ಟಣ ಈ ಸಲ ಅವನೇ ತಂದಿದ್ದ.

ಹೆಂಡತಿ ಬಾಗಿಲಲ್ಲಿ ನಿಂತು ಆಚೀಚೆ ನೋಡುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು.

"ನಮ್ಮವರು ಪಾಳಿ ಮ್ಯಾಲೆ ಹೋಗ್ತಾರ್ರಿ. ನಾ ಒಬ್ಬಾಕಿನೇ ಇರ್ತೀನಿ," ಎಂದು ಅವ್ವನಿಗೆ ಹೇಳಿದಳು. "ಪುಣ್ಯಾ, ಮೂರೂ ಮನ್ಯಾಗ ಮಂದಿ ಅದಾರ. ರಂಗೋಲಿ ನೋಡೇ ಸಮಾಧಾನ ಆಯ್ತು ನೋಡ್ರಿ."

ದಲಾಲ ಅವ್ವನ ಮುಖ ನೋಡಿದ. ನಾನೂ ನೋಡಿದೆ. ಹೂಂ ಎನ್ನಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

"ಅದು ನಾನೇ ಹಾಕಿದ್ದವ್ವ," ಎಂದಳು ಅವ್ವ. "ಮಗ್ಗಲಕ ಯಾರೂ ಇಲ್ಲ."

ಆ ಹುಡುಗಿ ಗಂಡನ ಕಡೆ ನೋಡಿದಳು. ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೋದರು. ಗೇಟಿನ ಹತ್ತಿರ ದಲಾಲ ಹಿಂದಿರುಗಿ, "ಹಂಗ ಹೇಳಬಾರದಿತ್ತರಿ ವೈನಿ" ಎಂದ. ಅವ್ವ ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು.

ಅವರು ತಿಳಿಸಲಿಲ್ಲ. ದಲಾಲ ಫೋನ್ ಎತ್ತುವುದನ್ನು ಬಿಟ್ಟ. ಅವರು ಬಂದುಹೋದ ಮರುದಿನ ಮುಂಜಾನೆಯಿಂದ ಅವ್ವ ನಮ್ಮ ಬಾಗಿಲ ಮುಂದೆ ಮಾತ್ರ ನೀರು ಹಾಕುತ್ತಾಳೆ.