ಗುಂಡಿ ಖಾಲಿ ಇರತಕ್ಕದ್ದು

ಸಂತೆಕಲ್ಲೂರಿನ ಅಮರಮ್ಮನ ಹತ್ತಿರ ಎರಡೆಕರೆ ಹೊಲ, ಒಂದು ಎಮ್ಮೆ, ಎರಡು ಆಡು, ಮನೆ ಹಿಂದೆ ಒಂದು ತಿಪ್ಪೆ ಇದ್ದವು. ಗಂಡ ಇರಲಿಲ್ಲ. ಊರಲ್ಲಿ ಹೆಸರಾದದ್ದು ತಿಪ್ಪೆ. ಒಲೆಯ ಬೂದಿ, ಸಗಣಿ, ಜೋಳದ ರವದಿ, ಹರಿದ ಚಾಪೆ, ಆಕೆಯ ಮನೆಯಿಂದ ಹೊರಬಿದ್ದದ್ದು ಏನೂ ಓಣಿ ಸೇರುತ್ತಿರಲಿಲ್ಲ. ವರ್ಷಕ್ಕೆ ಮೂರು ಬಂಡಿ ಗೊಬ್ಬರ. ಸಿಂಧನೂರ ಕಡೆ ಕಾಲುವೆ ನೀರು ಬಂದು, ಅಲ್ಲಿಯವರು ಚೀಲದ ಗೊಬ್ಬರ ಚೆಲ್ಲತೊಡಗಿದ್ದರು. ಇಲ್ಲಿ ನೀರೂ ಇಲ್ಲ, ಚೀಲವೂ ಇಲ್ಲ. ಹೊಲಕ್ಕೆ ತಿಪ್ಪೆಯೇ ದಿಕ್ಕು.

ಇಂಥವಳಿಗೆ ಕಸದ ಬಗ್ಗೆ ಬುದ್ಧಿ ಹೇಳಲು ೧೯೬೧ರಲ್ಲಿ ಸರಕಾರ ನನ್ನನ್ನು ಸಂಬಳ ಕೊಟ್ಟು ಕಳಿಸಿತು. ನಾನು ಗ್ರಾಮಸೇವಕ. ಬ್ರೇಕಿಲ್ಲದ ಸೈಕಲ್ಲು, ಖಾಕಿ ಚೀಲ, ಒಂದಿಷ್ಟು ತರಬೇತಿ. ನನ್ನ ಮನೆಯ ಕಸ ಎಲ್ಲಿ ಹೋಗುತ್ತದೆಂದು ಆಗಲೂ ನನಗೆ ಗೊತ್ತಿರಲಿಲ್ಲ, ಹೆಂಡತಿಗೆ ಗೊತ್ತಿತ್ತು.

ಚಾವಡಿಯ ಮುಂದೆ ಭಾಷಣ ಮಾಡಿದೆ. ಹತ್ತು ಅಡಿ ಉದ್ದ, ಆರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿದರೆ ಕಸವೆಲ್ಲ ಕೊಳೆತು ಬಂಗಾರವಾಗುತ್ತದೆ. ಬದಿಗೆ ಕಲ್ಲು ಕಟ್ಟಿಸಲು ಸರಕಾರ ಮೂವತ್ತು ರೂಪಾಯಿ ಸಹಾಯಧನ ಕೊಡುತ್ತದೆ ಎಂದೆ. "ಕಾಗದಾನೂ ಕೊಳೀತೈತಿ," ಎಂದೂ ಸೇರಿಸಿದೆ, ಜ್ಞಾನ ಉಕ್ಕಿ.

ಅಮರಮ್ಮ ಎದ್ದು ನಿಂತಳು. ಗ್ರಾಮಸೇವಕ ಎಂಬುದು ಆಕೆಯ ಬಾಯಲ್ಲಿ ಸೇವಕಪ್ಪ. "ಸೇವಕಪ್ಪಾ, ಕಲ್ಲು ಕಟ್ಟಿದ್ರ ಮಳ್ಯಾಗ ಗೊಬ್ರ ಹರದು ಹೋಗಂಗಿಲ್ಲಲ್ರಿ?"

"ಇಲ್ಲವ್ವಾ."

"ಹಂಗಾರ ನಂದು ಬರ್ಕೊರಿ."

ಇದ್ದ ಗೊಬ್ಬರ ಹೊಲಕ್ಕೆ ಸಾಗಿಸಿ, ತಿಪ್ಪೆಯ ಜಾಗದಲ್ಲೇ ಹಾರೆ ಹಿಡಿದು ಹನ್ನೊಂದು ದಿನಕ್ಕೆ ಗುಂಡಿ ತೋಡಿದಳು. ನಾನು ಫಾರ್ಮು ಓದಿ ಹೇಳಿದೆ: "ಅಳತೆಯ ಕಾಲಕ್ಕೆ ಗುಂಡಿ ಖಾಲಿ ಇರತಕ್ಕದ್ದು." ಅಂದರೆ, ಮೇಲಿನ ಸಾಹೇಬರು ಬಂದು ಅಳೆಯುವ ತನಕ ಹಿಡಿ ಕಸವೂ ಬೀಳಕೂಡದು.

"ಯಾವಾಗ ಬರ್ತಾರ್ರೀ?"

"ಇದ ವಾರ."

ಆ ವಾರ ಮೂರು ವರ್ಷ ನಡೆಯಿತು. ನಾನು ನೆನಪೋಲೆ ಬರೆದೆ. ಜೀಪು ಕೆಟ್ಟಿತ್ತು. ಜೀಪು ರಿಪೇರಿಯಾದಾಗ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ಬಂದಾಗ ಮತ್ತೆ ಜೀಪು ಕೆಟ್ಟಿತ್ತು.

ಮನೆ ಹಿಂದೆ ಇನ್ನೊಂದು ತಿಪ್ಪೆಗೆ ಜಾಗವಿರಲಿಲ್ಲ. ಅಮರಮ್ಮ ದಿನಾ ಬೆಳಿಗ್ಗೆ ಕಸದ ಬುಟ್ಟಿ ಹೊತ್ತು, ತನ್ನ ಗುಂಡಿ ದಾಟಿಕೊಂಡು ಹೋಗಿ ಪಕ್ಕದ ಮನೆಯ ದೊಡ್ಡಬಸಪ್ಪನ ತಿಪ್ಪೆಗೆ ಸುರಿದು ಬರುತ್ತಿದ್ದಳು. ಒಬ್ಬರ ತಿಪ್ಪೆಗೆ ಬಿದ್ದ ಕಸ ಆ ತಿಪ್ಪೆಯವರದು. ಊರಿನ ಕಾನೂನು ಅದು, ಅದಕ್ಕೆ ಫಾರ್ಮು ಬೇಡ. ದೊಡ್ಡಬಸಪ್ಪನ ತಿಪ್ಪೆ ಏರುತ್ತ ಹೋಯಿತು.

"ಏನಬೇ ಅಮರವ್ವ, ಹೆಣಾ ಹುಗಿಯಾಕ ತೋಡಿಯೇನು? ಉದ್ದ ಬಾಳಾತಲ್ಲ!" ಎಂದು ಅವನು ಕೆಣಕಿದರೆ, "ಸರಕಾರದ್ದೋ ಯಣ್ಣ, ಅದರ ಉದ್ದ ಯಾರ್ ಕಂಡಾರ," ಎನ್ನುತ್ತಿದ್ದಳು.

ದೀಪಾವಳಿ ಪಾಡ್ಯದ ಸಂಜೆ ತಿಪ್ಪೆಗೆ ದೀಪ ಇಡುವುದು ರೂಢಿ. "ದೀಪ ಇಟ್ರ ಕಸ ಆಗತೈತೇನ್ರಿ?" ಎಂದು ಕೇಳಿದಳು. ನಾನು ಫಾರ್ಮು ತೆಗೆದು ನೋಡಿ, ಆಗುವುದಿಲ್ಲ ಎಂದೆ. ಆಕೆ ಗುಂಡಿಗಿಳಿದು ತಳದಲ್ಲಿ ದೀಪ ಇಟ್ಟಳು. ಮರುದಿನ ಅದನ್ನೂ ಮೇಲೆ ತಂದಳು. ಎಣ್ಣೆ ಬಿದ್ದ ಮಣ್ಣನ್ನು ಕೆರೆದು ತೆಗೆದಳು.

ಮೂರನೆಯ ವರ್ಷ ಜೋಳ ಮೊಣಕಾಲೆತ್ತರಕ್ಕೆ ನಿಂತಿತು. ತೆನೆ ಮುಷ್ಟಿಯೊಳಗೆ ಮುಚ್ಚಿಹೋಗುತ್ತಿತ್ತು. "ಹೊಲ ಹಸದೈತ್ರಿ," ಎಂದಳು. ಅಷ್ಟೇ ಅಂದದ್ದು.

ಕೊನೆಗೊಂದು ದಿನ ಸಾಹೇಬರು ಬಂದರು. ಟೇಪು ಹಿಡಿದರು. ಉದ್ದ ಸರಿ, ಅಗಲ ಸರಿ, ಆಳ ಸರಿ. ಆಮೇಲೆ ಬಗ್ಗಿ ನೋಡಿದರು.

"ಮೂರು ವರ್ಷಾತು, ಒಂದು ಕಡ್ಡಿ ಕಸ ಇಲ್ಲಲ್ರೀ ಇದರಾಗ! ಗ್ರಾಮಸೇವಕರ, ಫಾರ್ಮಿನ ಹಿಂದಿನ ಮಗ್ಗಲು ಓದೀರೇನು?"

ಓದಿರಲಿಲ್ಲ. ಫಾರ್ಮಿಗೆ ಹಿಂದೊಂದು ಮಗ್ಗಲು ಇದೆಯೆಂದೇ ಅವತ್ತು ತಿಳಿದದ್ದು. ಅಲ್ಲಿ ಬರೆದಿತ್ತು: ತೋಡಿದ ವರ್ಷದೊಳಗೆ ಬಳಕೆಗೆ ಬಾರದ ಗುಂಡಿಗೆ ಸಹಾಯಧನವಿಲ್ಲ, ಸಾಹೇಬರು ಬಾರದಿದ್ದರೆ ಗ್ರಾಮಸೇವಕನೇ ಅಳೆಯತಕ್ಕದ್ದು. ಟೇಪು ಮೂರು ವರ್ಷದಿಂದ ನನ್ನ ಖಾಕಿ ಚೀಲದಲ್ಲೇ ಇತ್ತು.

ಅರ್ಜಿಯ ಮೇಲೆ 'ನಾಮಂಜೂರು' ಎಂದು ಬರೆದು ನನ್ನ ಕೈಗಿತ್ತು ಸಾಹೇಬರು ಹೋದರು. ಅವತ್ತು ಜೀಪು ಚೆನ್ನಾಗಿತ್ತು.

ಅಮರಮ್ಮ ಬೈದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ.

"ಆತೇನ್ರಿ ಅಳತಿ?"

"ಆತವ್ವಾ."

"ಇನ್ನ ಹಾಕಬೌದಲ್ರಿ?"

"ಹಾಕವ್ವಾ."

ಒಳಗೆ ಹೋಗಿ ಅವತ್ತಿನ ಬುಟ್ಟಿ ತಂದು ಗುಂಡಿಗೆ ಸುರಿದಳು. ಅಷ್ಟು ದೊಡ್ಡ ಗುಂಡಿಯಲ್ಲಿ ಅದು ಒಂದು ಮೂಲೆಗೂ ಸಾಲಲಿಲ್ಲ. ಆಮೇಲೆ ನನ್ನ ಕೈ ನೋಡಿದಳು.

"ಆ ಕಾಗದ ನಿಮಗ ಬೇಕೇನ್ರಿ?"

"ಬ್ಯಾಡ."

"ಕೊಳೀತೈತಿ ಅಂದಿದ್ರಿ."

ದನಿಯಲ್ಲಿ ಚುಚ್ಚುಮಾತೇನಾದರೂ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಕೊಟ್ಟೆ. ಒಳಗೆ ಹಾಕಿ, ಮೇಲೊಂದಿಷ್ಟು ಬೂದಿ ಎಳೆದಳು.

ಮುಂದಿನ ಮಳೆಗೆ, ಕಲ್ಲಿಲ್ಲದ್ದಕ್ಕೆ, ಒಂದು ಬದಿ ಕುಸಿಯಿತು. ಆದರೂ ಬೇಸಿಗೆಯಲ್ಲಿ, "ಒಂದೂವರಿ ಬಂಡಿ ಆತ್ರಿ," ಎಂದು ಹೇಳಿ ಕಳಿಸಿದ್ದಳು. ನಾನು ವರದಿ ಪುಸ್ತಕ ತೆಗೆದೆ. ಸಹಾಯಧನ ಪಡೆದ ಗುಂಡಿಗೆ ಖಾನೆ ಇತ್ತು. ಬರೀ ಗುಂಡಿಗೆ ಇರಲಿಲ್ಲ. ಸಂತೆಕಲ್ಲೂರಿನ ಮುಂದೆ ಸೊನ್ನೆ ಬರೆದೆ.