ಒಂದು ಬುಟ್ಟಿ ಹೂಳಿನ ಟಿಕೇಟು

ಕಾಸಾರಶಿರಸಿ ಹತ್ತಿರದ ಹಳ್ಳಿಯೊಂದರಲ್ಲಿ ಹೂಳು ತುಂಬಿದ್ದ ಹಳೆಯ ಮೆಟ್ಟಿಲುಬಾವಿಯನ್ನು ಊರವರೇ ಅಗೆದು ತೆಗೆಯುತ್ತಿದ್ದರು. ನೋಡಲು ಹೋದ ನನ್ನ ಕೈಗೆ ಕುರಿಗಾರರ ನೀಲವ್ವ ಬುಟ್ಟಿ ಕೊಟ್ಟಳು.

"ಬಾವಿ ನೋಡೋರು ಒಂದ್ ಬುಟ್ಟಿ ಹೂಳು ಮ್ಯಾಲ ಹಾಕಬೇಕ್ರೀ. ಇದೇ ಟಿಕೇಟ. ಮಳಿ ಬರೋದ್ರಾಗ ತಳಾ ಮುಟ್ಲಿಲ್ಲಂದ್ರ ಮತ್ತ ಕೆಸರು ತುಂಬ್ತದ."

ಸುಳ್ಳು ನನಗೆ ಬಾಯಿಪಾಠ. "ಅವ್ವಾ, ನಾ ಸರ್ಕಾರದ ಸಾಹೇಬ," ಎಂದೆ.

"ಅಯ್ಯ, ಮದಲ ಹೇಳಬಾರದೇನ್ರೀ! ನಿಮ್ಮಂಥವರ ಹಾದೀನೇ ನೋಡ್ಲಿಕತ್ತಿದ್ವಿ," ಎಂದು ಆಕೆ ಕೈಮುಗಿದಳು. "ಏ, ಸಾಹೇಬರಿಗೆ ದೊಡ್ಡ ಬುಟ್ಟಿ ತರ್ರಿ! ಸಾಹೇಬರ ಟಿಕೇಟ ಐದ್ ಬುಟ್ಟಿ!"

ಐದನೆಯ ಬುಟ್ಟಿ ತುಂಬುವಾಗ ಸಲಿಕೆ ಟಣ್ ಎಂದಿತು. ಕೆತ್ತಿದ ಮೆಟ್ಟಿಲೊಂದು ಹೊರಬಂತು, ಅದರ ಬುಡದಿಂದ ನೀರೂ ಜಿನುಗಿತು. ನೀಲವ್ವ ಆ ನೀರನ್ನು ಕಣ್ಣಿಗೊತ್ತಿಕೊಂಡಳು. ನಾನು ಸೊಂಟ ಹಿಡಿದುಕೊಂಡೆ.

ಈಗ ಉಮರಗಾದ ಗೆಳೆಯರಿಗೆಲ್ಲ ಹೇಳುತ್ತಿದ್ದೇನೆ: ಹೋಗಿ ಬರ್ರಿ, ಸಾಹೇಬರು ಅಂದ್ರ ಅಲ್ಲಿ ಭಾಳ ಮರ್ಯಾದಿ.